ಬೋರ್ಲಿಯ ಪಾದ್ರಿ ಬಂಗಲೆಯೂ ಅದರ ದೆವ್ವವೂ

ದೆವ್ವದ ಮಾತು ಬಂದರೆ ನಗುವವರ ಗುಂಪಿಗೆ ಸೇರಿದವರು ನಾವು. ಆದರೆ ಹಗಲು ಹೊತ್ತು ಕಚೇರಿಯಲ್ಲಿ ಹತ್ತು ಜನರ ನಡುವೆ ಕುಳಿತು ನಗುವುದು ಬೇರೆ, ರಾತ್ರಿ ಎರಡು ಗಂಟೆಗೆ ಗೋಡೆಯೊಳಗಿನಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತಿರುವಾಗ ನಗುವುದು ಬೇರೆ. ಈ ಭೇದ ನಮಗೆ ತಿಳಿದದ್ದು ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು, ಒಂದು ಹಳೆಯ ಚಾಳಿನ ಮೂರನೆಯ ಮಾಳಿಗೆಯಲ್ಲಿ ಖೋಲಿ ಹಿಡಿದ ಮೇಲೆ. ಬಾಡಿಗೆ ಅಗ್ಗವಾಗಿತ್ತು. ಏಕೆ ಅಗ್ಗವೆಂದು ನಾವು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ವಾರದೊಳಗೆ ನಳದ ಹತ್ತಿರ ನೀರಿಗೆ ನಿಂತ ಹೆಂಗಸರು ನಮ್ಮಾಕೆಗೆ ಅದರ ಕಾರಣವನ್ನು ತಿಳಿಸಿಬಿಟ್ಟರು. ಆ ಖೋಲಿಯಲ್ಲಿ ‘ಏನೋ ಇದೆ’, ಹಿಂದಿನವರು ಅದಕ್ಕೇ ಬಿಟ್ಟುಹೋದರು. ಮರಾಠಿ ಸರಿಯಾಗಿ ಬಾರದ ಆಕೆಗೆ ಅವರ ಮಾತಿನಲ್ಲಿ ಪೂರ್ಣವಾಗಿ ಅರ್ಥವಾದದ್ದು ಅದೊಂದೇ.

ನಾವು ಮುಂಜಾನೆ ಎಂಟೂವರೆಗೆ ಮನೆ ಬಿಟ್ಟರೆ ಮರಳುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ಆಕೆ, ತೊಡೆಯ ಮೇಲಿನ ಕೂಸು, ಆ ಗೋಡೆ. ಊರಿಗೆ ಹೋಗಿಬಿಡುತ್ತೇನೆಂದು ಎರಡು ಸಲ ಟ್ರಂಕು ತುಂಬಿದ್ದೂ ಆಯಿತು. ಬುದ್ಧಿ ಹೇಳಿದೆವು, ಪ್ರಯೋಜನವಾಗಲಿಲ್ಲ. ಹೆದರಿದವರ ಮುಂದೆ ತರ್ಕ ಹೇಳುವುದು ಹಸಿದವರ ಮುಂದೆ ಪಾಕಶಾಸ್ತ್ರ ಓದಿದಂತೆ. ಆಗ ನಮ್ಮ ಸಂಘದ ಹಿರಿಯರೊಬ್ಬರು, “ನಿಮ್ಮ ದೆವ್ವ ಹಾಗಿರಲಿ, ಬೋರ್ಲಿಯ ದೆವ್ವದ ವಿಚಾರ ಓದಿದ್ದೀರೇನು?” ಎಂದು ಕೇಳಿದರು. ಓದಿರಲಿಲ್ಲ, ಓದಿದೆವು. ರಾತ್ರಿ ಊಟವಾದ ಮೇಲೆ ಕಂತು ಕಂತಾಗಿ ಆಕೆಗೂ ಹೇಳಿದೆವು. ಅದನ್ನೇ ಈಗ ವಾಚಕರ ಮುಂದಿಡುತ್ತಿದ್ದೇವೆ.

ಬೋರ್ಲಿ ಎಂಬುದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಅಂಚಿನಲ್ಲಿರುವ ಸಣ್ಣ ಹಳ್ಳಿ. ಹತ್ತಿರದ ಪೇಟೆಯೆಂದರೆ ಸಡ್‌ಬರಿ. ಹಳೆಯ ಇಗರ್ಜಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಹೆನ್ರಿ ಬುಲ್ ಎಂಬ ಪಾದ್ರಿ 1863ರ ಸುಮಾರಿಗೆ ಕೆಂಪು ಇಟ್ಟಿಗೆಯ ದೊಡ್ಡ ಬಂಗಲೆಯೊಂದನ್ನು ಕಟ್ಟಿಸಿದ. ಹದಿನಾಲ್ಕು ಮಕ್ಕಳ ತಂದೆ ಆತ; ಆದ್ದರಿಂದ ಕೋಣೆಗಳು ಇಪ್ಪತ್ತಕ್ಕೂ ಮೇಲೆ. ಮಕ್ಕಳು ಹೆಚ್ಚಿದಂತೆ ಕಟ್ಟಡಕ್ಕೆ ಇನ್ನೊಂದು ಅಂಗವನ್ನೂ ಜೋಡಿಸಿದ್ದರಿಂದ ನಡುವೆ ಬಾವಿಯಂತಹ ಅಂಗಳವೊಂದು ಉಂಟಾಯಿತು. ವಿದ್ಯುತ್ತಿಲ್ಲ, ಅನಿಲದ ದೀಪವಿಲ್ಲ, ನೀರನ್ನು ಬಾವಿಯಿಂದ ಪಂಪು ಮಾಡಿ ಏರಿಸಬೇಕು. ಆಳುಗಳನ್ನು ಕರೆಯಲು ಕೋಣೆ ಕೋಣೆಯಿಂದ ಅಡಿಗೆಮನೆಯವರೆಗೆ ತಂತಿ ಎಳೆದು ಗಂಟೆ ಕಟ್ಟಿದ್ದರು. ಈ ತಂತಿಯನ್ನೂ ಆ ಅಂಗಳವನ್ನೂ ವಾಚಕರು ನೆನಪಿನಲ್ಲಿಡಬೇಕು.

ಆ ಜಾಗದಲ್ಲಿ ಪೂರ್ವಕಾಲದಲ್ಲಿ ಕ್ರೈಸ್ತ ಮಠವೊಂದಿತ್ತಂತೆ. ಅಲ್ಲಿಯ ಸಂನ್ಯಾಸಿಯೊಬ್ಬನಿಗೂ ಸಮೀಪದ ಮಠದ ಸಂನ್ಯಾಸಿನಿಗೂ ಪ್ರೇಮವಾಗಿ, ಓಡಿಹೋಗುವಾಗ ಸಿಕ್ಕಿಬಿದ್ದು, ಅವನನ್ನು ಕೊಂದು ಆಕೆಯನ್ನು ಜೀವಂತವಾಗಿ ಗೋಡೆಯಲ್ಲಿಟ್ಟು ಕಟ್ಟಿಬಿಟ್ಟರಂತೆ. ಆ ಸಂನ್ಯಾಸಿನಿಯೇ ತೋಟದಲ್ಲಿ ಅಲೆಯುತ್ತಾಳೆಂದು ಪ್ರತೀತಿ. 1900ನೆಯ ಇಸವಿಯ ಜುಲೈ 28ರ ಮುಸ್ಸಂಜೆಯಲ್ಲಿ ಪಾದ್ರಿಯ ನಾಲ್ವರು ಹೆಣ್ಣುಮಕ್ಕಳು ಆಕೆಯನ್ನು ಕಂಡೆವೆಂದರು. ಮಾತನಾಡಿಸಲು ಹೋದರೆ ಮಾಯವಾದಳು. ಮನೆಯವರು ತೋಟದ ಆ ದಾರಿಗೆ ಸಂನ್ಯಾಸಿನಿಯ ದಾರಿ ಎಂದೇ ಹೆಸರಿಟ್ಟು, ಅದನ್ನು ನೋಡುತ್ತ ಕೂಡಲು ಒಂದು ಮಂಟಪವನ್ನೂ ಕಟ್ಟಿಕೊಂಡರು. ಹೆದರಿದವರು ಮಾಡುವ ಕೆಲಸ ಇದಲ್ಲ. ಮನೆತುಂಬ ಮಕ್ಕಳಿದ್ದ ಸಂಸಾರಕ್ಕೆ ಆ ದೆವ್ವ ಒಂದು ಮನರಂಜನೆಯಾಗಿದ್ದಿರಬೇಕು. ಬುಲ್ ಮನೆತನದವರಲ್ಲೇ ಕೆಲವರು ತಾವು ಅಷ್ಟು ಕಾಲ ಅಲ್ಲಿದ್ದರೂ ಏನನ್ನೂ ಕಾಣಲಿಲ್ಲವೆಂದಿದ್ದಾರೆ.

ಇನ್ನು ಮಠದ ವಿಷಯ. ಅಲ್ಲಿ ಅಂತಹ ಮಠ ಇತ್ತೆನ್ನುವುದಕ್ಕೆ ಚರಿತ್ರೆಯಲ್ಲಿ ಆಧಾರವೇ ಇಲ್ಲವೆಂದು ಎಸೆಕ್ಸಿನ ಪುರಾತತ್ತ್ವ ಸಂಘದವರು 1938ರಲ್ಲಿಯೇ ಸ್ಪಷ್ಟಪಡಿಸಿದರು. ಮಠವಿಲ್ಲದ ಮೇಲೆ ಸಂನ್ಯಾಸಿ ಎಲ್ಲಿಂದ ಬಂದ? ಆದರೂ ಕಥೆ ನಿಲ್ಲಲಿಲ್ಲ. ಗುಮಾಸ್ತರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಕಡತದಲ್ಲಿ ಮೊದಲನೆಯವನು ‘ಹೀಗೆಂದು ಹೇಳಲಾಗುತ್ತದೆ’ ಎಂದು ಬರೆಯುತ್ತಾನೆ. ಎರಡನೆಯವನು ‘ಮೇಲೆ ಕಾಣಿಸಿರುವಂತೆ’ ಎಂದು ಬರೆಯುತ್ತಾನೆ. ಮೂರನೆಯವನ ಮೇಜಿಗೆ ಬರುವ ವೇಳೆಗೆ ಅದು ‘ಸಿದ್ಧಪಟ್ಟ ಸಂಗತಿ’ಯಾಗಿರುತ್ತದೆ. ಬೋರ್ಲಿಯ ಸಂನ್ಯಾಸಿನಿ ಹೀಗೆಯೇ ಮೇಜಿನಿಂದ ಮೇಜಿಗೆ ಬೆಳೆದವಳು.

ಬುಲ್ ಪಾದ್ರಿಯ ತರುವಾಯ ಅವನ ಮಗ ಹ್ಯಾರಿ ಪಾದ್ರಿಯಾಗಿ 1927ರಲ್ಲಿ ತೀರಿಕೊಂಡ. ಬಂಗಲೆ ಖಾಲಿ ಬಿತ್ತು. ಮರುವರ್ಷ ಎರಿಕ್ ಸ್ಮಿತ್ ಎಂಬ ಪಾದ್ರಿ ಪತ್ನಿ ಮೇಬಲ್‌ಳೊಡನೆ ಬಂದ. ಇವರು ಹಿಂದೂದೇಶದಲ್ಲಿದ್ದು ಇಂಗ್ಲೆಂಡಿಗೆ ಬಂದವರು. ಬಿಸಿಲಿನ ದೇಶದಿಂದ ಹೋಗಿ, ಒರತೆ ಹಿಡಿದ ಗೋಡೆಗಳ, ಇಲಿಗಳೇ ಯಜಮಾನರಾಗಿದ್ದ ಆ ಮನೆಯಲ್ಲಿ ಆ ದಂಪತಿಗಳು ಮೊದಲ ಚಳಿಗಾಲವನ್ನು ಹೇಗೆ ಕಳೆದರೋ! ಕಪಾಟು ಸ್ವಚ್ಛಮಾಡುವಾಗ ಕಂದು ಕಾಗದದಲ್ಲಿ ಸುತ್ತಿಟ್ಟ ತಲೆಬುರುಡೆಯೊಂದು ಬೇರೆ ಕೈಗೆ ಸಿಕ್ಕಿತಂತೆ. ಗಂಟೆಗಳು ತಾವಾಗಿ ಬಾರಿಸಿದವು, ಹೆಜ್ಜೆಯ ಸಪ್ಪಳವಾಯಿತು. 1929ರ ಜೂನ್‌ನಲ್ಲಿ ಅವರು ‘ಡೈಲಿ ಮಿರರ್’ ಪತ್ರಿಕೆಗೆ ಬರೆದು, ಇಂತಹ ವಿಷಯಗಳನ್ನು ಶೋಧಿಸುವ ಸಂಘದವರ ಸಂಪರ್ಕ ಮಾಡಿಸಿಕೊಡಿರೆಂದು ಕೇಳಿದರು. ಲಂಡನ್ನಿನಲ್ಲಿ 1882ರಲ್ಲಿಯೇ ಸ್ಥಾಪಿತವಾದ ಅತೀಂದ್ರಿಯ ಸಂಶೋಧನ ಸಂಘ ಅದು. ಪತ್ರಿಕೆ ಕಳುಹಿಸಿದ್ದು ಮೊದಲು ತನ್ನ ಬಾತ್ಮೀದಾರನನ್ನು. ಅವನ ಬೆನ್ನಿಗೆ, ಜೂನ್ 12ರಂದು, ಬಂದವನು ಹ್ಯಾರಿ ಪ್ರೈಸ್.

ಈ ಪ್ರೈಸ್ ಮಹಾಶಯನ ವಿಷಯ ಸ್ವಲ್ಪ ಹೇಳಲೇಬೇಕು. ಹೊಟ್ಟೆಪಾಡಿಗೆ ಕಾಗದದ ವ್ಯಾಪಾರದ ಏಜೆಂಟ್, ಹವ್ಯಾಸಕ್ಕೆ ಇಂದ್ರಜಾಲ, ವ್ಯಸನವೆಂದರೆ ದೆವ್ವ. ಮೋಸಗಾರರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಸತ್ತವರ ಫೋಟೋ ತೆಗೆಯುತ್ತೇನೆಂದು ದುಡ್ಡು ಮಾಡುತ್ತಿದ್ದ ವಿಲಿಯಂ ಹೋಪ್‌ನ ಮೋಸವನ್ನು 1922ರಲ್ಲಿ ಬಯಲಿಗೆಳೆದವನು ಇವನೇ. ಹೆಲೆನ್ ಡಂಕನ್ ಎಂಬಾಕೆ ಬಾಯಿಂದ ಹೊರಡಿಸುತ್ತಿದ್ದ ‘ಪ್ರೇತದ್ರವ್ಯ’ ಬರಿಯ ತೆಳುಬಟ್ಟೆಯೆಂದು 1931ರಲ್ಲಿ ತೋರಿಸಿದವನೂ ಇವನೇ. 1935ರಲ್ಲಿ ಕಾಶ್ಮೀರದ ಖುದಾ ಬಕ್ಷ್ ಎಂಬವನು ಇಂಗ್ಲೆಂಡಿನಲ್ಲಿ ಕೊಂಡ ಹಾಯ್ದು ತೋರಿಸಿದಾಗ, ಆ ಪರೀಕ್ಷೆಯನ್ನು ಏರ್ಪಡಿಸಿದವನೂ ಇವನೇ. ಕೆಂಡದ ಮೇಲ್ಮೈಯ ಶಾಖ ಅಂದು ಸುಮಾರು 430 ಡಿಗ್ರಿ ಸೆಂಟಿಗ್ರೇಡು. ಪವಾಡವೂ ಅಲ್ಲ, ಮೋಸವೂ ಅಲ್ಲ. ಇದ್ದಿಲು ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ಕಾಲು ಅದರ ಮೇಲೆ ನಿಲ್ಲುವುದು ಕ್ಷಣಮಾತ್ರ ಎಂಬ ತೀರ್ಮಾನ ಹೊರಬಿತ್ತು. ನಮ್ಮ ಊರುಗಳ ಜಾತ್ರೆಯಲ್ಲಿ ಕೊಂಡ ಹಾಯುವುದನ್ನು ನೋಡಿದವರಿಗೆ ಈ ವಿವರಣೆ ಒಪ್ಪುವಂತಿದೆ. ಇಷ್ಟು ತೀಕ್ಷ್ಣ ಬುದ್ಧಿಯ ಮನುಷ್ಯ ಬೋರ್ಲಿಗೆ ಬಂದಾಗ ಮಾತ್ರ ಬೇರೆಯವನಾದ.

ಅವನು ಬಂದ ದಿನವೇ ಬಂಗಲೆಯಲ್ಲಿ ಹಿಂದೆಂದೂ ಇಲ್ಲದ ಚೇಷ್ಟೆಗಳು ಪ್ರಾರಂಭವಾದವು. ಕಲ್ಲುಗಳು ಹಾರಿದವು, ಹೂದಾನಿ ಬಿತ್ತು, ಕನ್ನಡಿಯ ಚೌಕಟ್ಟಿನಿಂದ ಪ್ರೇತ ‘ಟಕ್ ಟಕ್’ ಎಂದು ಸಂದೇಶ ಕೊಟ್ಟಿತು. (ನಮ್ಮ ಬೀದರ, ಕಲಬುರ್ಗಿ ಕಡೆಯ ವಾಚಕರು ಇದನ್ನು ಭಾನಾಮತಿ ಎಂದು ಕರೆದಾರು.) ಅವನು ಹೋದೊಡನೆ ಅವೆಲ್ಲ ನಿಂತುಹೋದವು. ಇಂದ್ರಜಾಲ ಬಲ್ಲ ಈ ಅತಿಥಿಯ ಮೇಲೆ ತನಗೆ ಆಗಲೇ ಸಂಶಯ ಬಂದಿತ್ತೆಂದು ಮೇಬಲ್ ಸ್ಮಿತ್ ಮುಂದೆ ಹೇಳಿದಳು. ಚಾರ್ಲ್ಸ್ ಸಟನ್ ಎಂಬ ಪತ್ರಕರ್ತನದು ಇನ್ನೂ ಗಟ್ಟಿಯಾದ ಆರೋಪ. ಕತ್ತಲೆಯಲ್ಲಿ ತನ್ನ ತಲೆಗೆ ಕಲ್ಲು ಬಿದ್ದಾಗ ಪ್ರೈಸ್‌ನನ್ನು ಹಿಡಿದು ನೋಡಿದರೆ ಅವನ ಕೋಟಿನ ಜೇಬುಗಳ ತುಂಬ ಕಲ್ಲು ಮತ್ತು ಇಟ್ಟಿಗೆಯ ಚೂರುಗಳಿದ್ದವಂತೆ. ಆದರೆ ಸಟನ್ ಇದನ್ನು ಅಚ್ಚುಮಾಡಿಸಿದ್ದು 1948ರಲ್ಲಿ ಪ್ರೈಸ್ ಸತ್ತ ಮೇಲೆ. ಸತ್ತವನು ಉತ್ತರ ಕೊಡಲಾರ. ಇಬ್ಬರ ಹೇಳಿಕೆಯನ್ನೂ ಪಡೆಯದೆ ತೀರ್ಪು ಬರೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಸಂಶಯವನ್ನಂತೂ ದಾಖಲೆ ಮಾಡಲೇಬೇಕು.

ಸ್ಮಿತ್ ದಂಪತಿಗಳು ಆ ಜುಲೈ ತಿಂಗಳಲ್ಲಿಯೇ ಬಂಗಲೆ ಬಿಟ್ಟರು. 1930ರ ಅಕ್ಟೋಬರ್‌ನಲ್ಲಿ ಲಯನೆಲ್ ಫಾಯ್‌ಸ್ಟರ್ ಎಂಬ ಪಾದ್ರಿ ಕೆನಡಾದಿಂದ ಬಂದು ಸೇರಿದ. ಬುಲ್ ಮನೆತನಕ್ಕೆ ನಂಟ. ವಯಸ್ಸು ಐವತ್ತು ದಾಟಿತ್ತು. ಕೀಲುಬೇನೆ ವರ್ಷದಿಂದ ವರ್ಷಕ್ಕೆ ಬಲಿಯುತ್ತಿತ್ತು. ಪತ್ನಿ ಮೇರಿಯಾನ್ ಅವನಿಗಿಂತ ಇಪ್ಪತ್ತೊಂದು ವರ್ಷ ಚಿಕ್ಕವಳು. ಜೊತೆಗೆ ಒಬ್ಬ ಸಾಕುಮಗಳು. ಇವರ ಐದು ವರ್ಷಗಳಲ್ಲಿ ಬೋರ್ಲಿಯ ದೆವ್ವ ತನ್ನ ಪರಮಾವಧಿಗೆ ಏರಿತು. ಶೀಶೆಗಳು ಹಾರಿದವು, ಕಿಟಕಿಗಳು ಒಡೆದವು, ಕೂಸಿನ ಕೋಣೆಗೆ ಹೊರಗಿನಿಂದ ಬೀಗ ಬಿತ್ತು, ಮೇರಿಯಾನ್ ಹಾಸಿಗೆಯಿಂದ ಕೆಳಕ್ಕೆ ಎಸೆಯಲ್ಪಟ್ಟಳು. ಪಾದ್ರಿ ಇದನ್ನೆಲ್ಲ ದಿನಚರಿಯಂತೆ ಬರೆದಿಟ್ಟ. ಒಟ್ಟು ಘಟನೆಗಳು ಎರಡು ಸಾವಿರವೆಂದು ಪ್ರೈಸ್‌ನ ಲೆಕ್ಕ.

ಎಲ್ಲಕ್ಕಿಂತ ವಿಚಿತ್ರವಾದದ್ದು ಗೋಡೆಯ ಬರವಣಿಗೆ. ಸೀಸದಕಡ್ಡಿಯಿಂದ ಗೀಚಿದ ವಕ್ರ ಅಕ್ಷರಗಳಲ್ಲಿ ಮೇರಿಯಾನಳ ಹೆಸರು ಹಿಡಿದು ಕರೆದು, ಸಹಾಯ, ದೀಪ, ಪ್ರಾರ್ಥನೆಗಳನ್ನು ಬೇಡುವ ಮಾತುಗಳು. ಕೆಳಗೆ ಆಕೆ, ನನಗೆ ಅರ್ಥವಾಗಲಿಲ್ಲ, ಇನ್ನಷ್ಟು ಹೇಳು ಎಂದು ಉತ್ತರ ಬರೆದಿದ್ದಳು. ನಮ್ಮಲ್ಲಿಯೂ 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರಲ್ಲವೆ? ಆದರೆ ಭೇದವನ್ನು ನೋಡಿರಿ: ನಮ್ಮವರು ದೆವ್ವಕ್ಕೆ ವಾಯಿದೆ ಹಾಕಿ ಹೊರಗೆ ನಿಲ್ಲಿಸಿದರು, ಬೋರ್ಲಿಯಲ್ಲಿ ದೆವ್ವವೇ ಒಳಗಿನಿಂದ ಅರ್ಜಿ ಬರೆಯಿತು. ಗೋಡೆಯ ಅಕ್ಷರಗಳೂ ಆಕೆಯವೇ ಎಂದು ಪರಿಶೀಲಿಸಿದ ಅನೇಕರ ಅಭಿಪ್ರಾಯ. 1931ರ ಅಕ್ಟೋಬರ್‌ನಲ್ಲಿ ಬಂದು ನೋಡಿದ ಪ್ರೈಸ್ ಕೂಡ ಇದೆಲ್ಲ ಮನೆಯೊಡತಿಯ ಕೈವಾಡವೆಂದು ಖಾಸಗಿಯಾಗಿ ನಂಬಿದ್ದ. ಆದರೆ ಒಂಬತ್ತು ವರ್ಷಗಳ ತರುವಾಯ ಪುಸ್ತಕ ಬರೆಯುವಾಗ ಆ ನಂಬಿಕೆಯನ್ನು ನುಂಗಿಕೊಂಡ. ಈ ತಪ್ಪನ್ನು ಮನ್ನಿಸುವುದು ನಮಗೆ ಕಷ್ಟ. ಕಲ್ಲಿನ ಆರೋಪಕ್ಕೆ ಅನುಮಾನದ ಲಾಭ ಕೊಡಬಹುದು, ತಿಳಿದೂ ಬರೆಯದ ವರದಿಗೆ ಕೊಡಲಾಗದು.

ಮೇರಿಯಾನ್ ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿ, 1992ರವರೆಗೆ ಬದುಕಿದ್ದಳು. ತಾನು ಪ್ರೇತವನ್ನು ಕಂಡಿಲ್ಲವೆಂದೂ, ಸದ್ದುಗಳಲ್ಲಿ ಕೆಲವು ಗಾಳಿಯವು, ಕೆಲವು ಮನೆಗೆ ಬಂದ ಗೆಳೆಯರವು, ಕೆಲವು ಗಂಡನನ್ನು ಕೆಣಕಲು ತಾನೇ ಮಾಡಿದವು ಎಂದೂ ಆಕೆ ಒಪ್ಪಿಕೊಂಡಳು. ಮನೆಯಲ್ಲಿದ್ದ ಬಾಡಿಗೆದಾರನೊಬ್ಬನ ಜೊತೆಗಿನ ಸ್ನೇಹವನ್ನು ಮುಚ್ಚಿಡುವುದಕ್ಕೂ ದೆವ್ವ ಉಪಯೋಗಕ್ಕೆ ಬಂತು. ಈ ಭಾಗವನ್ನು ಹೇಳಲೋ ಬೇಡವೋ ಎಂದು ನಾವು ತಡವರಿಸಿದೆವು. ಆದರೆ ನಮ್ಮಾಕೆ ಕೇಳಿ ನಗಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ದೊಡ್ಡ ಮನ್ಯಾಗ, ಆ ಹಳ್ಳ್ಯಾಗ, ಆಕಿ ಕೂಡ ಮಾತಾಡಾಕ ಯಾರರ ಇದ್ರೇನ್ರಿ?” ಎಂದು ಕೇಳಿದಳು. ನಾವು ಓದಿದ ಯಾವ ಪುಸ್ತಕದ ಪರಿವಿಡಿಯಲ್ಲಿಯೂ ಈ ಪ್ರಶ್ನೆ ಇರಲಿಲ್ಲ. ಕಲ್ಲುಗಳನ್ನು ಎಣಿಸಿದ್ದರು, ಗಂಟೆಗಳನ್ನು ಎಣಿಸಿದ್ದರು.

1935ರಲ್ಲಿ ಫಾಯ್‌ಸ್ಟರ್ ಸಂಸಾರ ಹೊರಟಿತು. ಆಮೇಲೆ ಬಂದ ಪಾದ್ರಿ ಬಂಗಲೆಯಲ್ಲಿ ವಾಸಮಾಡಲೇ ಇಲ್ಲ, ಪಕ್ಕದ ಲಿಸ್ಟನ್ ಹಳ್ಳಿಯಲ್ಲಿ ಮನೆ ಮಾಡಿದ. 1937ರ ಮೇ ತಿಂಗಳಲ್ಲಿ ಪ್ರೈಸ್ ಖಾಲಿ ಬಂಗಲೆಯನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದು, ‘ಟೈಮ್ಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ಧೈರ್ಯವೂ ಬುದ್ಧಿಯೂ ವಿರಾಮವೂ ಉಳ್ಳವರು ಬೇಕು. ಸುಮಾರು 48 ಮಂದಿಯನ್ನು ಆರಿಸಿ, ಸರದಿಯ ಮೇಲೆ ರಾತ್ರಿ ಕಾವಲು ಕೂಡಿಸಿದ. ವಸ್ತುಗಳ ಸುತ್ತ ಸೀಮೆಸುಣ್ಣದ ಗೆರೆ, ಬಾಗಿಲಿಗೆ ದಾರ, ಉಷ್ಣಮಾಪಕ, ವೇಳೆ ಸಹಿತ ಟಿಪ್ಪಣಿ, ಎಲ್ಲ ವ್ಯವಸ್ಥೆಯಾಗಿತ್ತು. ನೀಲಿ ರಟ್ಟಿನ ಸೂಚನಾಪುಸ್ತಕವನ್ನೂ ಅಚ್ಚುಹಾಕಿಸಿದ. ವ್ಯವಸ್ಥೆಯೇನೋ ಮೆಚ್ಚತಕ್ಕದ್ದೇ. ಆದರೆ ಆ ಪುಸ್ತಕದಲ್ಲಿ, ಈ ಮನೆಯಲ್ಲಿ ಇಂತಿಂತಹ ಕಡೆ ಇಂತಿಂತಹವು ಕಾಣುತ್ತವೆ, ಕೇಳುತ್ತವೆ ಎಂಬ ವಿವರವೂ ಇತ್ತು! ಪ್ರಶ್ನಪತ್ರಿಕೆಯ ಜೊತೆಗೆ ಉತ್ತರವನ್ನೂ ಹಂಚಿದಂತಾಯಿತು. ಇಷ್ಟಾದರೂ ಕಾವಲು ಕೂತವರಲ್ಲಿ ಹೆಚ್ಚಿನವರಿಗೆ ಹೇಳಿಕೊಳ್ಳುವಂತಹದು ಏನೂ ಸಿಗಲಿಲ್ಲ. ಕೆಲವರಿಗೆ ಸಪ್ಪಳ ಕೇಳಿತು, ಗೋಡೆಯ ಮೇಲೆ ಹೊಸ ಗೀಟುಗಳು ಕಂಡವು.

ದೆವ್ವ ಮಾತನಾಡಿದ್ದು ಬಂಗಲೆಯಲ್ಲಲ್ಲ, ಲಂಡನ್ನಿನಲ್ಲಿ. ಕಾವಲುಗಾರರ ಮುಖಂಡ ಗ್ಲಾನ್‌ವಿಲ್‌ನ ಮಗಳು 1938ರಲ್ಲಿ ಪ್ಲಾಂಚೆಟ್ ಮೇಲೆ ಕೈಯಿಟ್ಟಾಗ, ಮೇರಿ ಲೇರ್ ಎಂಬ ಫ್ರೆಂಚ್ ಸಂನ್ಯಾಸಿನಿ ತನ್ನನ್ನು 1667ರಲ್ಲಿ ಅಲ್ಲಿ ಕೊಂದರೆಂದು ಹೇಳಿಕೊಂಡಳು. ಮಾರ್ಚ್ 27ರಂದು ಇನ್ನೊಂದು ಪ್ರೇತ ಬಂದು, ಇಂದು ರಾತ್ರಿಯೇ ಬಂಗಲೆ ಸುಡುತ್ತೇನೆ ಎಂದಿತು. ಅಂದು ಬೆಂಕಿ ಬೀಳಲಿಲ್ಲ. ಬಿದ್ದದ್ದು ಸರಿಯಾಗಿ ಹನ್ನೊಂದು ತಿಂಗಳ ಮೇಲೆ, 1939ರ ಫೆಬ್ರವರಿ 27ರಂದು. ಇದನ್ನೇ ಭವಿಷ್ಯ ನಿಜವಾಯಿತೆಂದು ಕೊಂಡಾಡಿದವರಿದ್ದಾರೆ. ಪ್ರೇತಲೋಕದಲ್ಲಿಯೂ ಕಡತಗಳು ನಮ್ಮ ಕಚೇರಿಯ ವೇಗದಲ್ಲಿಯೇ ಸಾಗುತ್ತವೆಂದು ತಿಳಿದು ನಮಗಂತೂ ಸಮಾಧಾನವಾಯಿತು. ಬಂಗಲೆಯನ್ನು ಕೊಂಡಿದ್ದ ಕ್ಯಾಪ್ಟನ್ ಗ್ರೆಗ್‌ಸನ್ ಪುಸ್ತಕಗಳನ್ನು ಜೋಡಿಸುವಾಗ ಎಣ್ಣೆದೀಪ ಉರುಳಿತೆಂದು ಹೇಳಿದ. ವಿಮಾ ಕಂಪನಿಯವರು ತನಿಖೆ ನಡೆಸಿ, ಬೆಂಕಿ ಬೇಕೆಂದೇ ಹಚ್ಚಿದ್ದು ಎಂಬ ನಿರ್ಣಯಕ್ಕೆ ಬಂದರು. ದೆವ್ವದ ಹೇಳಿಕೆಗಿಂತ ವಿಮೆಯವರ ಲೆಕ್ಕದಲ್ಲಿ ನಮಗೆ ಹೆಚ್ಚು ವಿಶ್ವಾಸ.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಪ್ರೈಸ್ 1940ರಲ್ಲಿ ಪುಸ್ತಕ ಬರೆದು ಅದನ್ನು ಇಂಗ್ಲೆಂಡಿನಲ್ಲೆಲ್ಲ ಅತಿ ಹೆಚ್ಚು ದೆವ್ವವಿರುವ ಮನೆಯೆಂದು ಸಾರಿದ. ಬಾಂಬು ಬೀಳುತ್ತಿದ್ದ ಕಾಲದಲ್ಲಿಯೂ ಜನ ಕೊಂಡು ಓದಿದರು. 1943ರಲ್ಲಿ ನೆಲಮಾಳಿಗೆ ಅಗೆಸಿದಾಗ ಕೆಲವು ಎಲುಬುಗಳು ಸಿಕ್ಕವು. ಅವು ತರುಣಿಯ ತಲೆಯ ಎಲುಬುಗಳೆಂದು ಪ್ರೈಸ್, ಹಂದಿಯವೆಂದು ಊರವರು. ಬೋರ್ಲಿಯ ಜನ ತಮ್ಮ ಸ್ಮಶಾನದಲ್ಲಿ ಜಾಗ ಕೊಡಲೊಪ್ಪದೆ, 1945ರಲ್ಲಿ ಅವುಗಳನ್ನು ಲಿಸ್ಟನ್‌ನಲ್ಲಿ ವಿಧಿಪೂರ್ವಕವಾಗಿ ಹೂಳಿದರು. 1944ರಲ್ಲಿ ಪಾಳುಗೋಡೆಗಳನ್ನು ಕೆಡವುತ್ತಿದ್ದಾಗ ‘ಲೈಫ್’ ಪತ್ರಿಕೆಯವರು ತೆಗೆದ ಚಿತ್ರವೊಂದರಲ್ಲಿ ಇಟ್ಟಿಗೆಯೊಂದು ಗಾಳಿಯಲ್ಲಿ ತೇಲುತ್ತಿತ್ತು. ಕೆಲಸದಾಳುಗಳು ಇಟ್ಟಿಗೆ ಎಸೆಯುತ್ತಿದ್ದ ಜಾಗದಲ್ಲಿ ಇಟ್ಟಿಗೆ ಗಾಳಿಯಲ್ಲಿರುವುದು ಪವಾಡವಲ್ಲ. ಪ್ರೈಸ್ ಅದನ್ನೂ ಬಿಡಲಿಲ್ಲ.

ಅವನು ತೀರಿಕೊಂಡ ಮೇಲೆ ಸಂಶೋಧನ ಸಂಘದ ಮೂವರು ಸದಸ್ಯರು, ಡಿಂಗ್‌ವಾಲ್, ಶ್ರೀಮತಿ ಗೋಲ್ಡ್ನಿ ಮತ್ತು ಟ್ರೆವರ್ ಹಾಲ್, ಇಡೀ ಪ್ರಕರಣವನ್ನು ಮೊದಲಿನಿಂದ ಬಿಚ್ಚಿ ಕೂತರು. ಇವರಲ್ಲಿ ಇಬ್ಬರು ಪ್ರೈಸ್‌ನ ಜೊತೆಗೆ ಕೆಲಸಮಾಡಿದವರೇ. 1956ರಲ್ಲಿ ಹೊರಬಂದ ಅವರ ವರದಿ ನಮ್ಮಂತಹ ಗುಮಾಸ್ತರಿಗೆ ಹಬ್ಬದೂಟ. ಪ್ರತಿಯೊಂದು ಕಾಲದ ಪ್ರತಿಯೊಂದು ಘಟನೆಗೂ ಮೊದಲು ಬರೆದ ಟಿಪ್ಪಣಿಯಾವುದು, ಆಮೇಲೆ ಅಚ್ಚಾದದ್ದು ಯಾವುದು, ನಡುವೆ ಸೇರಿದ್ದು ಎಷ್ಟು ಎಂದು ಎದುರುಬದುರಾಗಿಟ್ಟು ನೋಡಿದ್ದಾರೆ. ಗಂಟೆಗಳಿಗೆ ತಂತಿಯ ಮೇಲೆ ಓಡಾಡುವ ಇಲಿಗಳು ಸಾಕು. ಬಾವಿಯಂತಹ ಆ ಅಂಗಳ, ಒಂದು ಮೂಲೆಯ ಸದ್ದನ್ನು ಇನ್ನೊಂದು ಮೂಲೆಯಲ್ಲಿ ಕೇಳಿಸುತ್ತಿತ್ತು. ಉಳಿದದ್ದು ಬೇಕೆಂದು ಮಾಡಿದ್ದು, ಇಲ್ಲವೆ ಬಾಯಿಂದ ಬಾಯಿಗೆ ಬೆಳೆದದ್ದು. ಒಂದೊಂದಾಗಿ ತೂಗಿದಾಗ ದೆವ್ವದ ಪಾಲಿಗೆ ಏನೂ ಉಳಿಯಲಿಲ್ಲ. ಪ್ರೈಸ್‌ಗೆ ಅನ್ಯಾಯವಾಯಿತೆಂದು ವಾದಿಸಿ ರಾಬರ್ಟ್ ಹೇಸ್ಟಿಂಗ್ಸ್ 1969ರಲ್ಲಿ ಅದೇ ಸಂಘಕ್ಕೆ ಪ್ರತಿವರದಿ ಕೊಟ್ಟಿದ್ದೂ ಉಂಟು. ಎರಡನ್ನೂ ಸಂಘ ಪ್ರಕಟಿಸಿತೆಂಬುದು ಅದರ ದೊಡ್ಡತನ.

ಬಂಗಲೆಯಿದ್ದ ಜಾಗದಲ್ಲಿ ಇಂದು ಬೇರೆ ಮನೆಗಳಿವೆ. ದೆವ್ವವನ್ನು ಹುಡುಕಿಕೊಂಡು ಅಪರಾತ್ರಿಯಲ್ಲಿ ಬರುವ ಜನರಿಂದ ಅಲ್ಲಿಯ ನಿವಾಸಿಗಳಿಗೆ ಆಗಿರುವ ಕಾಟವೇ ದೊಡ್ಡದು. ದೆವ್ವಕ್ಕೆ ಈಗ ಎದುರಿನ ಇಗರ್ಜಿಯಲ್ಲಿ ಬಿಡಾರ ಕೊಟ್ಟಿದ್ದಾರೆಂದು ಕೇಳಿಕೆ.

ಇನ್ನು ನಮ್ಮ ಗೋಡೆಯ ಸಂಗತಿ. ಬೋರ್ಲಿಯ ಕಥೆ ಮುಗಿದ ಮರುದಿನ ನಮ್ಮಾಕೆ ನಮ್ಮನ್ನು ಕೇಳದೆ ಎರಡು ಕೆಲಸ ಮಾಡಿದಳು. ನಳದ ಮಿಸ್ತ್ರಿಯನ್ನು ಕರೆಸಿ ಗೋಡೆ ತೋರಿಸಿದಳು. ಅವನು ಕಿವಿಯಿಟ್ಟು ಕೇಳಿ, ನಡುರಾತ್ರಿಯ ಮೇಲೆ ಮುನಿಸಿಪಾಲಿಟಿಯವರು ನೀರು ಬಿಟ್ಟಾಗ ಹಳೆಯ ಕೊಳವೆಯಲ್ಲಿ ಸಿಕ್ಕಿದ ಗಾಳಿ ಹೀಗೆ ಬಡಿಯುತ್ತದೆ, ಕೊಳವೆಯ ಹಿಡಿಕೆ ಸಡಿಲವಾಗಿದೆ ಎಂದ. ಎರಡನೆಯದು, ಮಧ್ಯಾಹ್ನ ಕೂಸನ್ನೆತ್ತಿಕೊಂಡು ಎದುರು ಖೋಲಿಯ ಕಾಕುವಿನ ಮನೆಗೆ ಹೋಗಿ ಕೂತಳು. ಮರಾಠಿ ಬಾರದಿದ್ದರೆ ಏನಾಯಿತು, ಮೆಂತ್ಯದ ಸೊಪ್ಪು ಬಿಡಿಸಲು ಭಾಷೆ ಬೇಕಿಲ್ಲ. ಮೊದಲ ವಾರ ‘ಹೋ’, ‘ನಾಹೀ’ ಎರಡೇ ಮಾತಿನಲ್ಲಿ ಸಾಗಿತು. ಈಗ ನಮಗಿಂತ ಆಕೆಯ ಮರಾಠಿಯೇ ವಾಸಿ, ಕಾಕುವಿಗೆ ಚಟ್ನಿಪುಡಿ ಕುಟ್ಟುವುದು ಬರುತ್ತದೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋದದ್ದು ದೆವ್ವಕ್ಕಲ್ಲ, ಬೇರೆ ಊರಿಗೆ ವರ್ಗವಾಗಿ ಎಂಬ ಸಂಗತಿಯೂ ಅಲ್ಲಿಯೇ ಹೊರಬಿತ್ತು.

ಕೊಳವೆಯ ಹಿಡಿಕೆಯನ್ನು ಬಿಗಿಸಿಕೊಡಿರೆಂದು ಮನೆಯ ಮಾಲಕರಿಗೆ ನಾವು ಕೊಟ್ಟ ಅರ್ಜಿ ಇನ್ನೂ ಅವರ ವಿಚಾರದಲ್ಲಿದೆ. ರಾತ್ರಿ ಎರಡಕ್ಕೆ ಗೋಡೆ ಈಗಲೂ ‘ಟಕ್ ಟಕ್’ ಎನ್ನುತ್ತದೆ. “ನೀರು ಬಂತ್ರಿ, ಏಳ್ರಿ” ಎಂದು ನಮ್ಮಾಕೆ ಎಬ್ಬಿಸುತ್ತಾಳೆ. ನಾವು ಎದ್ದು ಹಂಡೆ ತುಂಬಿಸಿ ಮಲಗುತ್ತೇವೆ.